ನೆಗಡಿ ಮಾತ್ರೆ: ಮೈಕೈ ನೋವಿಗೆ ಓಕೆ, ಕಟ್ಟಿದ ಮೂಗಿಗೆ ದಂಡ

ಮೆಡಿಕಲ್ ಶಾಪಿಗೆ ಹೋಗಿ "ನೆಗಡಿಗೆ ಏನಾದ್ರೂ ಕೊಡಿ" ಅಂದರೆ ಯೋಚನೆಯೇ ಮಾಡದೆ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರಲ್ಲ, ಅದರ ರಿವ್ಯೂ ಇದು. ಬ್ರ್ಯಾಂಡ್ ಹೆಸರು ಹೇಳಲ್ಲ. ಹೇಳಿಯೂ ಉಪಯೋಗವಿಲ್ಲ, ಯಾಕಂದ್ರೆ ಬೇರೆ ಬೇರೆ ಕಂಪನಿಯ ಸ್ಟ್ರಿಪ್ ತಿರುಗಿಸಿ ನೋಡಿದರೂ ಹಿಂದೆ ಬರೆದಿರುವುದು ಹೆಚ್ಚುಕಮ್ಮಿ ಒಂದೇ. ನಾನು ತಂದಿದ್ದರಲ್ಲಿ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಫಿನೈಲೆಫ್ರಿನ್ 10 ಮಿ.ಗ್ರಾಂ, ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ. ಅಕ್ಷರ ಎಷ್ಟು ಸಣ್ಣದು ಅಂದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಅಂಗಡಿಯವರು ಕತ್ತರಿ ಹಾಕಿದ್ದು ಸರಿಯಾಗಿ ಎಕ್ಸ್‌ಪೈರಿ ಡೇಟ್ ಇರುವ ಜಾಗಕ್ಕೇ, ತಿಂಗಳು ನನ್ನ ಕೈಗೆ ಬಂತು, ವರ್ಷ ಅವರ ಡಬ್ಬಿಯಲ್ಲೇ ಉಳಿಯಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮೈಕೈ ನೋವು, ತಲೆ ಭಾರ, ಸಣ್ಣ ಜ್ವರ, ಇವಕ್ಕೆಲ್ಲ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಅದರ ಕ್ರೆಡಿಟ್ಟು ಪೂರ್ತಿ ಪ್ಯಾರಾಸಿಟಮಾಲ್‌ಗೆ. ಕ್ಲೋರ್‌ಫೆನಿರಮಿನ್ ಅನ್ನುವುದು ಹಳೇ ಕಾಲದ ಅಲರ್ಜಿ ಔಷಧಿ. ಸೋರುವ ಮೂಗನ್ನು ಸ್ವಲ್ಪ ಒಣಗಿಸುತ್ತದೆ, ಜೊತೆಗೆ ಬಾಯನ್ನೂ ಒಣಗಿಸುತ್ತದೆ, ಕಣ್ಣು ಎಳೆಯುತ್ತದೆ. ರಾತ್ರಿ ಊಟ ಮಾಡಿ ತಗೊಂಡರೆ ಒಳ್ಳೆ ನಿದ್ದೆ. ಹಗಲು ತಗೊಂಡು ಮೀಟಿಂಗಲ್ಲಿ ಕೂತರೆ ತೂಕಡಿಕೆ ಗ್ಯಾರಂಟಿ, ಗಾಡಿ ಓಡಿಸುವವರಂತೂ ಮುಟ್ಟಲೇಬಾರದು. ಈ ತೂಕಡಿಕೆಗೆ ಮದ್ದು ಅಂತ ಕೆಲವು ಕಂಪನಿಗಳು ಅದೇ ಮಾತ್ರೆಯೊಳಗೆ ಕೆಫೀನ್ ಬೇರೆ ಸೇರಿಸುತ್ತವೆ. ಮಲಗಿಸುವುದೂ ಅದೇ, ಎಬ್ಬಿಸುವುದೂ ಅದೇ!

ನನ್ನ ತಕರಾರು ಇರುವುದು ಫಿನೈಲೆಫ್ರಿನ್ ಮೇಲೆ. ಕಟ್ಟಿದ ಮೂಗು ಬಿಡಲಿ ಅಂತ ಹಾಕುವುದು ಇದನ್ನೇ. ನನಗೆ ಒಂದು ಹೊಳ್ಳೆಯೂ ಬಿಡಲಿಲ್ಲ. ಆಮೇಲೆ ಹುಡುಕಿ ಓದಿದರೆ, ತೊಂದರೆ ನನ್ನ ಮೂಗಿನದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರೆದ ತಜ್ಞರ ಸಮಿತಿ ಕೂತು, ಹದಿನಾರಕ್ಕೆ ಹದಿನಾರೂ ಮತ ಹಾಕಿ, ಬಾಯಲ್ಲಿ ನುಂಗುವ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಕೆಲಸಕ್ಕೆ ಬರಲ್ಲ ಅಂದುಬಿಟ್ಟಿತು. 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅದನ್ನು ಮಾತ್ರೆಗಳಿಂದ ತೆಗೆಸುವ ಪ್ರಸ್ತಾಪವನ್ನೂ ಮುಂದಿಟ್ಟಿತು. ನುಂಗಿದ್ದರಲ್ಲಿ ಬಹುಪಾಲು ಕರುಳು, ಲಿವರ್ ದಾಟುವಷ್ಟರಲ್ಲೇ ಒಡೆದುಹೋಗುತ್ತದೆ, ಮೂಗಿನವರೆಗೆ ಬರುವುದು ಚೂರುಪಾರು. ಮೊದಲು ಈ ಜಾಗದಲ್ಲಿ ಸೂಡೊಎಫೆಡ್ರಿನ್ ಇತ್ತು, ಅದು ಕೆಲಸ ಮಾಡುತ್ತಿತ್ತು. ಆದರೆ ಜನ ಅದರಿಂದ ಮೆಥ್ ಅನ್ನುವ ಡ್ರಗ್ಸ್ ತಯಾರಿಸೋಕೆ ಶುರುಮಾಡಿದರು, 2006ರಲ್ಲಿ ಅಮೆರಿಕದವರು ಕಾನೂನು ಮಾಡಿ ಅದನ್ನು ಕೌಂಟರ್ ಹಿಂದಕ್ಕೆ ಹಾಕಿದರು (ಅಂದ್ರೆ ಗುರುತಿನ ಚೀಟಿ ತೋರಿಸಿ ಕೇಳಿದರೆ ಮಾತ್ರ ಕೊಡುವುದು), ಖಾಲಿಯಾದ ಜಾಗಕ್ಕೆ ಹೆಚ್ಚಾಗಿ ಬಂದು ಕೂತಿದ್ದು ಇದು. ಅಲ್ಲಿ ಅಷ್ಟೆಲ್ಲ ಗಲಾಟೆ ಆಗಿದೆ, ನಮ್ಮ ಸ್ಟ್ರಿಪ್ ಮೇಲೆ ಮಾತ್ರ ಇನ್ನೂ ಅದೇ 10 ಮಿ.ಗ್ರಾಂ.

ಸರಿ, ಈ ಮಾತ್ರೆ ನೆಗಡಿಯ ಕಷ್ಟವನ್ನು ಒಂಚೂರು ಕಮ್ಮಿ ಮಾಡುತ್ತದೆ ಅಷ್ಟೇ, ನೆಗಡಿಯನ್ನಲ್ಲ. ಹಾಗಾದ್ರೆ ನೆಗಡಿಯನ್ನೇ ವಾಸಿಮಾಡುವ ಮಾತ್ರೆ ಯಾಕಿಲ್ಲ? ಯಾರೂ ಪ್ರಯತ್ನ ಮಾಡಿಲ್ಲ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಲವತ್ತಕ್ಕೂ ಜಾಸ್ತಿ ವರ್ಷ ಬರೀ ನೆಗಡಿಗೇ ಅಂತ ಒಂದು ಸಂಶೋಧನಾ ಕೇಂದ್ರ ನಡೆಯಿತು, ಕಾಮನ್ ಕೋಲ್ಡ್ ಯೂನಿಟ್. ಹತ್ತು ದಿನ ಊಟ, ವಸತಿ ಫ್ರೀ, ಮೇಲೆ ಖರ್ಚಿಗೆ ಒಂದಿಷ್ಟು ಕಾಸು. ಬಂದವರ ಮೂಗಿಗೆ ವೈರಸ್ ಇರುವ ಹನಿ ಹಾಕಿ ನೋಡುವುದು. ಜನ ರಜೆ ಕಳೆಯುವ ಹಾಗೆ ಬರುತ್ತಿದ್ದರಂತೆ, ಸಾವಿರಾರು ಜನ. 1960ರ ದಶಕದಲ್ಲಿ ಡೇವಿಡ್ ಟಿರೆಲ್ ಮತ್ತು ಜೊತೆಯವರು ಅಲ್ಲಿ ಮನುಷ್ಯರಿಗೆ ನೆಗಡಿ ತರುವ ಕೊರೊನಾ ವೈರಸ್ಸನ್ನೂ ಕಂಡುಹಿಡಿದರು. ಹೌದು, ಕೋವಿಡ್‌ನ ದೂರದ ನೆಂಟ. ಇಷ್ಟೆಲ್ಲ ಆಗಿಯೂ ಔಷಧಿ ಮಾತ್ರ ಸಿಗಲಿಲ್ಲ. ಇಂಟರ್‌ಫೆರಾನ್ ಅನ್ನುವುದನ್ನು (ವೈರಸ್ ತಡೆಯೋಕೆ ನಮ್ಮ ಮೈಯೇ ತಯಾರಿಸುವ ಪ್ರೋಟೀನ್) ಮೂಗಿಗೆ ಸಿಂಪಡಿಸಿದರೆ ನೆಗಡಿ ಬರುವುದು ತಪ್ಪುತ್ತಿತ್ತು, ಆದರೆ ದಿನಾ ಬಳಸಿದರೆ ಮೂಗೇ ಕೆರಳಿ ರಕ್ತ ಬರುತ್ತಿತ್ತು. ಅದು ಅಲ್ಲಿಗೇ ನಿಂತಿತು.

ಮುಖ್ಯ ತೊಡಕು ಏನಂದ್ರೆ ನೆಗಡಿ ಒಂದು ಕಾಯಿಲೆಯೇ ಅಲ್ಲ. ಇನ್ನೂರಕ್ಕೂ ಜಾಸ್ತಿ ವೈರಸ್‌ಗಳು ತರುವ ಒಂದೇ ಥರದ ಗೋಳು ಅದು. ಅದರಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದ್ದು, ಅದೊಂದರಲ್ಲೇ 150ಕ್ಕೂ ಜಾಸ್ತಿ ಬಗೆ ಇವೆ. ಒಂದು ಬಗೆಗೆ ಮೈ ಪಳಗಿದರೂ ಇನ್ನೊಂದಕ್ಕೆ ಅಷ್ಟಾಗಿ ಉಪಯೋಗವಿಲ್ಲ. ಅದಕ್ಕೇ ಮಳೆಗಾಲದಲ್ಲಿ ಒಂದು ಬಂದು ಹೋದರೆ ಚಳಿಗಾಲದಲ್ಲಿ ಇನ್ನೊಂದು. 2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 50 ಬಗೆಯ ರೈನೋವೈರಸ್ಸನ್ನು ಒಂದೇ ಲಸಿಕೆಗೆ ತುಂಬಿ ಕೋತಿಗಳಿಗೆ ಕೊಟ್ಟು, ಹೆಚ್ಚುಕಮ್ಮಿ ಎಲ್ಲದಕ್ಕೂ ಪ್ರತಿಕಾಯ ಬಂತು ಅಂತ ತೋರಿಸಿದರು. ನಮ್ಮ ಮೆಡಿಕಲ್ ಶಾಪಿಗೆ ಅದಿನ್ನೂ ಬಂದಿಲ್ಲ.

ಇನ್ನೊಂದು ವಿಷಯ ಟೈಮಿಂಗ್‌ನದ್ದು. ಮೂಗು ಸೋರಿ, ಗಂಟಲು ಕೆರೆದು, ನಾವು ಅಂಗಡಿಗೆ ಹೋಗುವ ಹೊತ್ತಿಗೆ ವೈರಸ್ ತನ್ನ ಕೆಲಸ ಬಹುಪಾಲು ಮುಗಿಸಿರುತ್ತದೆ. ನಾವು ಒದ್ದಾಡುವುದು ಹೆಚ್ಚಾಗಿ ನಮ್ಮ ಮೈಯೇ ಅದರ ಜೊತೆ ಮಾಡುವ ಜಗಳದಿಂದ. ಜೊತೆಗೆ, ತಾನಾಗೇ ವಾರದಲ್ಲಿ ಹೋಗುವ ಕಾಯಿಲೆಗೆ ಕೊಡುವ ಔಷಧಿಗೆ ಸಣ್ಣ ಸೈಡ್ ಎಫೆಕ್ಟ್ ಇದ್ದರೂ ಯಾರು ಒಪ್ಪುತ್ತಾರೆ ಹೇಳಿ. ಪ್ಲೆಕೊನರಿಲ್ ಅಂತ ಒಂದು ಮಾತ್ರೆ ಬಾಗಿಲವರೆಗೂ ಬಂದಿತ್ತು, ನೆಗಡಿಯನ್ನು ಸುಮಾರು ಒಂದು ದಿನ ಕಮ್ಮಿ ಮಾಡುತ್ತಿತ್ತು. ಅದು ಗರ್ಭನಿರೋಧಕ ಮಾತ್ರೆಯ ಕೆಲಸ ಕೆಡಿಸಬಹುದು ಅನ್ನುವ ಚಿಂತೆ ಎದ್ದಿತು, 2002ರಲ್ಲಿ ಎಫ್‌ಡಿಎ ಬೇಡ ಅಂತು. ಅದೇ ಹೆಪಟೈಟಿಸ್ ಸಿ ನೋಡಿ, ಅದೂ ವೈರಸ್ಸೇ, ಆದರೆ ಲಿವರನ್ನೇ ತಿನ್ನುವಂಥದ್ದು. 2013ರಲ್ಲಿ ಸೊಫೊಸ್ಬುವಿರ್ ಬಂದ ಮೇಲೆ ಎರಡು-ಮೂರು ತಿಂಗಳು ಮಾತ್ರೆ ನುಂಗಿ ಹೆಚ್ಚಿನವರು ಪೂರ್ತಿ ವಾಸಿಯಾಗುತ್ತಿದ್ದಾರೆ. ಜೀವ ತೆಗೆಯುವ ಕಾಯಿಲೆಗೆ ಹೂಡುವ ದುಡ್ಡೂ ಬೇರೆ, ಸಹಿಸುವ ಅಪಾಯವೂ ಬೇರೆ.

ಮತ್ತೆ ಮಾತ್ರೆಗೆ ಬರೋಣ. ಈ ಕಾಂಬಿನೇಷನ್ ಬದಲು ಬರೀ ಪ್ಯಾರಾಸಿಟಮಾಲ್ ತಗೊಂಡು, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಹಾಕಿಕೊಂಡರೆ ಸಾಕು ಅನ್ನಿಸಿತು. ತೀರಾ ಕಟ್ಟಿದ್ದರೆ ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ನಿಮಿಷಗಳಲ್ಲೇ ಬಿಡಿಸುತ್ತದೆ, ಆದರೆ ಮೂರ್ನಾಲ್ಕು ದಿನ ದಾಟಿಸಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟಿಕೊಳ್ಳುತ್ತದೆ. ಮೆಣಸಿನ ಸಾರು, ಶುಂಠಿ ಕಷಾಯ ನಡೀಲಿ, ಗಂಟಲಿಗೆ ಹಿತ. ಅಂಗಡಿಯವರು ಪ್ರೀತಿಯಿಂದ "ಇದನ್ನೂ ಇಟ್ಕೊಳ್ಳಿ ಸರ್, ಬೇಗ ಹೋಗುತ್ತೆ" ಅಂತ ಅಜಿತ್ರೋಮೈಸಿನ್ ಕೊಟ್ಟರೆ ಮಾತ್ರ ಬೇಡ ಅನ್ನಿ, ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ವೈರಸ್‌ಗೆ ಏನೂ ಮಾಡಲ್ಲ.

ಇನ್ನೊಂದು, ಇದು ತುಂಬಾ ಮನೆಗಳಲ್ಲಿ ನಡೆಯುತ್ತದೆ: ನೆಗಡಿ ಮಾತ್ರೆ ನುಂಗಿ, ಜ್ವರಕ್ಕೆ ಅಂತ ಮೇಲೊಂದು ಡೋಲೊ 650 ನುಂಗುವುದು. ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ಲೆಕ್ಕ ತಪ್ಪಿದರೆ ಲಿವರ್‌ಗೆ ಹೊಡೆತ. ಬಿಪಿ ಇರುವವರು ಡಾಕ್ಟರ್ ಹತ್ರ ಕೇಳದೆ ಫಿನೈಲೆಫ್ರಿನ್ ಇರುವುದನ್ನು ತಗೊಳ್ಳಬೇಡಿ. ಚಿಕ್ಕ ಮಕ್ಕಳಿಗಂತೂ ಬೇಡವೇ ಬೇಡ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಎಚ್ಚರಿಕೆ ಹಾಕಲು 2023ರ ಡಿಸೆಂಬರ್‌ನಲ್ಲಿ ನಮ್ಮ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಸ್ಟಾರ್ ಐದಕ್ಕೆ ಎರಡೂವರೆ. ಫಿನೈಲೆಫ್ರಿನ್ ತೆಗೆದು, ಅಕ್ಷರ ಸ್ವಲ್ಪ ದಪ್ಪ ಮಾಡಿ, ಡೇಟನ್ನು ಪ್ರತಿ ಮಾತ್ರೆಯ ಹಿಂದೆಯೂ ಹಾಕಿದರೆ ಇನ್ನೊಂದು ಸ್ಟಾರ್ ಕೊಡೋಣ.