ತಿಂಗಳಿಗೆ 480 ಯೆನ್ ಕೊಟ್ಟು ಭೂಕಂಪದ ಮುನ್ಸೂಚನೆ: ಏಳು ತಿಂಗಳು ಬಳಸಿದ ಮೇಲೆ

5ಕ್ಕೆ 2 ಸ್ಟಾರ್. ಆ ಎರಡೂ ಈ ಭೂಕಂಪ ಆ್ಯಪ್‌ನ ಗ್ರಾಫಿಗೆ.

2024ರ ಜನವರಿ 1ರ ಸಂಜೆ ಜಪಾನಿನ ನೋಟೊದಲ್ಲಿ 7.6 ತೀವ್ರತೆಯ ಭೂಕಂಪ ಆಯಿತಲ್ಲ, ಆಗ ನಾವು ಕವಾಸಾಕಿಯ ಮನೆಯಲ್ಲಿದ್ದೆವು. 9ನೇ ಮಹಡಿ. ಅಷ್ಟು ದೂರದಲ್ಲಿದ್ದರೂ ಊಟದ ಮೇಜಿನ ಮೇಲಿನ ದೀಪ ತುಂಬಾ ಹೊತ್ತು ಓಲಾಡಿತು. ಎರಡು ವರ್ಷದ ಮಗಳು ಉಯ್ಯಾಲೆ ಅಂತ ಚಪ್ಪಾಳೆ ತಟ್ಟಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಫೆಬ್ರವರಿಯಲ್ಲಿ ಈ ಆ್ಯಪ್‌ಗೆ ದುಡ್ಡು ಕಟ್ಟಿದೆ. ಹೆಸರು ಇಲ್ಲಿ ಬರೆಯುತ್ತಿಲ್ಲ.

ಇದು ನೋಡುವುದು ನೆಲವನ್ನಲ್ಲ, ಆಕಾಶವನ್ನು: ಭೂಕಂಪಕ್ಕೆ ಮೊದಲು ಮೇಲೆ ಎಲೆಕ್ಟ್ರಾನ್ ಬದಲಾಗುತ್ತದೆ ಅನ್ನುವುದು ಅದರ ನಂಬಿಕೆ. ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳ ಅನ್ನುವ ಗಾಳಿಯ ಪದರದಲ್ಲಿ ಎಲೆಕ್ಟ್ರಾನ್‌ಗಳು ಜಾಸ್ತಿಯಾದಷ್ಟೂ ಜಿಪಿಎಸ್ ಸಿಗ್ನಲ್ ತಡವಾಗುತ್ತದೆ. ಜಪಾನಿನಲ್ಲಿ ಜಿಪಿಎಸ್ ಕೇಂದ್ರಗಳು ಸುಮಾರು 1,300 ಇವೆ. ಆ ತಡವನ್ನು ಅಳೆದರೆ ಮೇಲೆ ಎಷ್ಟು ಎಲೆಕ್ಟ್ರಾನ್ ಇವೆ ಅಂತ ಗೊತ್ತಾಗುತ್ತದೆ. ಇದು ಸುಮ್ನೆ ಕಟ್ಟಿದ ಕಥೆಯಲ್ಲ. 2011ರ ಮಾರ್ಚ್ 11ರ ಜಪಾನಿನ ದೊಡ್ಡ ಭೂಕಂಪಕ್ಕೆ ಸುಮಾರು 40 ನಿಮಿಷ ಮೊದಲೇ ಎಲೆಕ್ಟ್ರಾನ್ ಏರಿತ್ತು ಅಂತ ಹೊಕ್ಕಾಯ್ಡೊ ವಿಶ್ವವಿದ್ಯಾಲಯದ ಕೊಸುಕೆ ಹೆಕಿ ಅದೇ ವರ್ಷ ಬರೆದರು. ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. ಭೂಕಂಪ, ಸುನಾಮಿ ಆದ ಮೇಲೆ ಎಲೆಕ್ಟ್ರಾನ್ ಕುಸಿಯಿತು, ಆ ಕುಸಿತವನ್ನೂ ಸೇರಿಸಿ ಗೆರೆ ಎಳೆದಿದ್ದಕ್ಕೆ ಮೊದಲೇ ಏರಿದಂತೆ ಕಾಣುತ್ತಿದೆ ಅನ್ನುವುದು ಅವರ ವಾದ. ಈ ಜಗಳ ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಪ್ರತಿ ವಾರ ಒಂದು ನಕ್ಷೆ ಬರುತ್ತದೆ. "ಇಬರಾಕಿ ಕರಾವಳಿ, ಶಿಂದೊ 3 ಅಥವಾ ಜಾಸ್ತಿ" ಅಂತ ಹಳದಿ ಬಣ್ಣ. ಶಿಂದೊ ಅಂದರೆ ಒಂದು ಜಾಗದಲ್ಲಿ ನೆಲ ಎಷ್ಟು ಅಲುಗಿತು ಅನ್ನುವ ಜಪಾನಿನ ಅಳತೆ. ಇಬರಾಕಿ ಕಡೆ ನೆಲ ಅಲುಗುವುದೇನೂ ಅಪರೂಪ ಅಲ್ಲ. ವಾರಗಟ್ಟಲೆ ಹಳದಿ ಬಳಿದಿಟ್ಟರೆ ಯಾವಾಗಲೋ ಒಂದು ನಿಜವಾಗುತ್ತದೆ, ಅಲ್ವಾ? ಹಾಗೆ ನಿಜವಾದಾಗ ಮಾತ್ರ ಆ್ಯಪ್ ದೊಡ್ಡದಾಗಿ ತೋರಿಸುತ್ತದೆ. ತಪ್ಪಿದ್ದೆಷ್ಟು ಅಂತ ತಿಳಿಯಲು ನಾನೇ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಬಂದೆ.

ಮೇ 11ರಂದು ಇಡೀ ಜಪಾನ್ ಕೆಂಪು. ನೀರಿನ ಬಾಟಲಿ, ಮಗುವಿನ ಡೈಪರ್, ಟಾರ್ಚ್ ಎಲ್ಲ ಬಾಗಿಲ ಹತ್ತಿರ ತಂದಿಟ್ಟೆ. ಆಮೇಲೆ ಸುದ್ದಿ ನೋಡಿದರೆ ಸೌರ ಬಿರುಗಾಳಿ! ಲಡಾಖ್‌ನ ಹಾನ್ಲೆಯಲ್ಲೂ ರಾತ್ರಿ ಆಕಾಶ ಕೆಂಪಾಗಿತ್ತು. ಸೂರ್ಯ ಎಲೆಕ್ಟ್ರಾನ್‌ಗಳನ್ನು ಕಲಕಿದ್ದು, ನೆಲವಲ್ಲ. ಅಷ್ಟನ್ನೂ ಬೇರ್ಪಡಿಸದೆ ಎಚ್ಚರಿಕೆ ಕಳಿಸಿದರೆ ಹೇಗೆ? ಪುಟ್ಟ ಮಕ್ಕಳಿರುವ ಮನೆಯಲ್ಲಿ ಒಂದು ಕೆಂಪು ಬಣ್ಣ ಎಂಥ ಭಯ ಹುಟ್ಟಿಸುತ್ತದೆ ಅಂತ ಅವರು ಯೋಚಿಸಬೇಕಿತ್ತು.

ಆಗಸ್ಟ್ 9ರ ಸಂಜೆ 7:57. ಕವಾಸಾಕಿ ಇರುವ ನಮ್ಮ ಕನಗಾವಾ ಪ್ರಾಂತ್ಯದಲ್ಲೇ 5.3ರ ಭೂಕಂಪ. ಆ ದಿನ ಆ್ಯಪ್‌ನಲ್ಲಿ ನಮ್ಮ ಜಾಗ ಹಸಿರಾಗಿತ್ತು. ನಮ್ಮನ್ನು ಎಚ್ಚರಿಸಿದ್ದು ಜಪಾನ್ ಹವಾಮಾನ ಇಲಾಖೆಯ ಉಚಿತ ಸಂದೇಶ. ಇಬ್ಬರ ಫೋನೂ ಒಟ್ಟಿಗೆ ಕೂಗಿಕೊಂಡವು. ಸಾರಿನ ಪಾತ್ರೆಯ ಕೆಳಗೆ ಒಲೆ ಆರಿಸಿ, ಮಗಳನ್ನು ಎಳೆದುಕೊಂಡು ಮೇಜಿನ ಕೆಳಗೆ ಸೇರುವಷ್ಟರಲ್ಲಿ ಮನೆ ಅಲುಗಿತು. ಆ ಸಂದೇಶ ಭವಿಷ್ಯ ಹೇಳುವುದಿಲ್ಲ. ನೆಲದೊಳಗೆ ಮೊದಲು ಓಡಿ ಬರುವ ಸಣ್ಣ ಅಲೆ ಹಿಡಿದು, ಹಿಂದೆ ಬರುವ ದೊಡ್ಡದರ ಬಗ್ಗೆ ಹೇಳುತ್ತದೆ. ಸಿಗುವುದು ಕೆಲವೇ ಸೆಕೆಂಡು. ನಮಗೆ ಅಷ್ಟು ಸಾಕಾಯಿತು.

ಆ ವಾರವೇ ಚಂದಾ ನಿಲ್ಲಿಸಿದೆ. ಕಟ್ಟಿದ್ದು ಒಟ್ಟು 3,360 ಯೆನ್. ರದ್ದು ಮಾಡುವುದು ಸುಲಭ, ಎರಡೇ ಒತ್ತು.

ಗ್ರಾಫ್ ಪುಟ ಮಾತ್ರ ನಿಜವಾಗಿಯೂ ಚೆನ್ನಾಗಿದೆ. ಬೆಳಿಗ್ಗೆ ಏರಿ, ಮಧ್ಯಾಹ್ನ ತುಂಬಿ, ರಾತ್ರಿ ಇಳಿಯುವ ಎಲೆಕ್ಟ್ರಾನ್ ಗೆರೆಯನ್ನು ನಾನು ದಿನಾ ನೋಡುತ್ತಿದ್ದೆ. ಬಣ್ಣದ ನಕ್ಷೆ ತೆಗೆದುಹಾಕಿ, ಪಕ್ಕದಲ್ಲಿ ಸೂರ್ಯನ ಸ್ಥಿತಿಯನ್ನೂ ತೋರಿಸಿ, ತಪ್ಪಿದ ಎಚ್ಚರಿಕೆಗಳ ಪಟ್ಟಿಯನ್ನೂ ಹಾಕಿದರೆ ಮತ್ತೆ 480 ಯೆನ್ ಕಟ್ಟುತ್ತೇನೆ.