ಮರ್ಲಿನ್ ಆಪ್: ಗಂಡು ಹಾಡಿದ್ದು ಫೋನಿಗೆ ಕೇಳುತ್ತೆ, ಹೆಣ್ಣಿನ ಉತ್ತರ ನಾವೇ ನೋಡ್ಬೇಕು

ಮಗಳ ಮನೆಗೆ ಅಂತ ಏಪ್ರಿಲ್‌ನಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ಗೆ ಬಂದಿದೀನಿ, ಬಂದ ಎರಡನೇ ದಿನಾನೇ ಅಳಿಯಂದಿರು ನನ್ನ ಫೋನಿಗೆ ಮರ್ಲಿನ್ ಬರ್ಡ್ ಐಡಿ ಅನ್ನೋ, ಹಕ್ಕಿ ಗುರುತು ಹಿಡಿಯೋ ಆಪ್ ಹಾಕ್ಕೊಟ್ರು. ಒಂದು ತಿಂಗಳು ದಿನಾ ಬೆಳಿಗ್ಗೆ ಬಳಸಿ ಆಮೇಲೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ. ನಾನು ಹೈಸ್ಕೂಲಲ್ಲಿ ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು, ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗೋವಾಗ ಕಣ್ಣು ಮುಚ್ಚಿದ್ರೂ ಯಾವ ಹಕ್ಕಿ ಅಂತ ಹೇಳ್ತಿದ್ದೆ, ಇಲ್ಲಿ ಬಂದ್ರೆ ಬೆಳಗಿನ ಜಾವ ಕಿಟಕಿ ಆಚೆ ಅಷ್ಟೊಂದು ದನಿ, ಒಂದಕ್ಕೂ ಹೆಸರು ಗೊತ್ತಿಲ್ಲ. ಪರಊರಿಗೆ ಬಂದಿದೀನಿ ಅಂತ ಮನಸ್ಸಿಗೆ ನಾಟಿದ್ದು ಆವಾಗ.

ಆಪ್ ಮಾಡಿರೋದು ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿಶಾಸ್ತ್ರ ಲ್ಯಾಬ್‌ನವರು. ಆಪ್ 2014ರಲ್ಲೇ ಬಂದಿದೆ, ದನಿ ಕೇಳಿ ಗುರುತಿಸೋ ಸೌಂಡ್ ಐಡಿ 2021ರಲ್ಲಿ ಸೇರಿದ್ದು. ಪೂರ್ತಿ ಫ್ರೀ. ನೀವಿರೋ ಜಾಗದ ಹಕ್ಕಿಗಳ ಪ್ಯಾಕ್ ಇಳಿಸ್ಕೊಂಡ್ರೆ ನೆಟ್ವರ್ಕ್ ಇಲ್ಲದ ಕಡೆನೂ ಕೆಲಸ ಮಾಡುತ್ತೆ. ಬಟನ್ ಒತ್ತಿ ಫೋನ್ ಹಿಡ್ಕೊಂಡು ನಿಂತ್ರೆ ಸಾಕು, ಕೇಳಿಸಿದ ಹಕ್ಕಿಗಳ ಹೆಸರು ಫೋಟೋ ಸಮೇತ ಒಂದರ ಕೆಳಗೊಂದು ಬರ್ತಾ ಹೋಗುತ್ತೆ, ಮತ್ತೆ ಅದೇ ಹಕ್ಕಿ ಕೂಗಿದ್ರೆ ಆ ಹೆಸರು ಹಳದಿ ಬಣ್ಣದಲ್ಲಿ ಮಿನುಗುತ್ತೆ. ಮೊದಲನೇ ವಾರ ಮೊಮ್ಮಗನೂ ನಾನೂ ಇದನ್ನೇ ಮಾಡಿದ್ದು. ಕಾರ್ಡಿನಲ್, ರಾಬಿನ್, ಸಾಂಗ್ ಸ್ಪ್ಯಾರೋ, ಹೀಗೆ ಒಂದೊಂದೇ ಪರಿಚಯ ಆಯ್ತು.

ಆದ್ರೆ ನನಗೆ ಹೆಸರಿಗಿಂತ ಹೆಚ್ಚು ಹಿಡಿಸಿದ್ದು ಮೇಲ್ಗಡೆ ಓಡೋ ಚಿತ್ರ. ದನಿ ಬರ್ತಿದ್ದ ಹಾಗೇ ಅದು ಗೆರೆ, ಚುಕ್ಕೆ, ಕೊಂಡಿಗಳಾಗಿ ಪರದೆ ಮೇಲೆ ಸರಿದು ಹೋಗುತ್ತೆ, ಅದಕ್ಕೆ ಸ್ಪೆಕ್ಟ್ರೋಗ್ರಾಂ ಅಂತಾರೆ. ಕೆಳಗಿದ್ರೆ ದಪ್ಪ ಸ್ವರ, ಮೇಲಿದ್ರೆ ತಾರಕ. ಆಪ್ ಹಕ್ಕಿ ಗುರುತಿಸೋದೂ ಈ ಚಿತ್ರ ನೋಡಿನೇ. ಇದರ ಹಿಂದೆ ದೊಡ್ಡ ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಸೋನಾಗ್ರಾಫ್ ಅಂತ ಒಂದು ಯಂತ್ರ ಮಾರ್ಕೆಟಿಗೆ ಬಂತು, ಕೇಂಬ್ರಿಜ್‌ನಲ್ಲಿ ವಿಲಿಯಂ ಥಾರ್ಪ್ ಅನ್ನೋರು ಅದರಲ್ಲಿ ಚಾಫಿಂಚ್ ಹಕ್ಕಿ ಹಾಡನ್ನ ಕಾಗದದ ಮೇಲೆ ಇಳಿಸಿ, ಮರಿಗಳು ಹಾಡನ್ನ ದೊಡ್ಡವರಿಂದ ಕೇಳಿ ಕಲೀತಾವೆ ಅಂತ ತೋರಿಸಿದ್ರು. ಅಲ್ಲಿಂದ ಬಂದ ಪೀಟರ್ ಮಾರ್ಲರ್ 1957ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿ ಸೇರ್ಕೊಂಡು, ವೈಟ್ ಕ್ರೌನ್ಡ್ ಸ್ಪ್ಯಾರೋ ಅನ್ನೋ ಗುಬ್ಬಿ ಊರಿಂದೂರಿಗೆ ಬೇರೆ ಬೇರೆ ಥರ ಹಾಡುತ್ತೆ ಅಂತ ಕಂಡ್ಕೊಂಡ್ರು, ನಮ್ಮ ಧಾರವಾಡದ ಕನ್ನಡ ಮೈಸೂರಿನ ಕನ್ನಡ ಇದ್ದ ಹಾಗೆ. ಅವರೆಲ್ಲ ಒಂದೊಂದು ಹಾಡಿಗೆ ಯಂತ್ರದ ಮುಂದೆ ಕೂತು ತೆಗೀತಿದ್ದ ಚಿತ್ರ ಈಗ ನನ್ನ ಅಂಗೈಲಿ ಆಗಿಂದಾಗ್ಗೇ ಓಡ್ತಿದೆ ಅಂದ್ರೆ ಮೈ ಜುಂ ಅನ್ನುತ್ತೆ.

ಒಂದಿನ ಗ್ರಿಫಿ ಕೆರೆ ಹತ್ರ ಕೂತಿದ್ವಿ. ಎದುರಿನ ಮರದ ತುದೀಲಿ ಮೈ ಕಪ್ಪು, ತಲೆ ಕಾಫಿ ಬಣ್ಣದ ಹಕ್ಕಿ ಒಂದು ಎದೆ ಉಬ್ಬಿಸಿ, ರೆಕ್ಕೆ ಬಿಡಿಸಿ, ನಮಸ್ಕಾರ ಮಾಡೋ ಹಾಗೆ ಮುಂದಕ್ಕೆ ಬಗ್ಗಿ ಗುಳುಗುಳು ಅಂತು. ನನಗೆ ಕೇಳಿಸಿದ್ದು ಅಷ್ಟೇ, ಬಾಟ್ಲಿಯಿಂದ ನೀರು ಬಗ್ಗಿಸಿದ ಹಾಗೆ. ಮೊಮ್ಮಗ "ಅಜ್ಜಿ, ಆಮೇಲೆ ಶಿಳ್ಳೆ ಹಾಕ್ತಲ್ಲ, ಕೇಳಿಸ್ಲಿಲ್ವಾ?" ಅಂದ. ಫೋನ್ ನೋಡಿದ್ರೆ ನಿಜ, ಕೆಳಗಡೆ ಒಂದಿಷ್ಟು ಮಚ್ಚೆ, ಆಮೇಲೆ ಮೇಲೆಲ್ಲೋ ತುದೀಲಿ ತೆಳ್ಳಗೆ ಒಂದು ಗೆರೆ. ವಯಸ್ಸಾದ ಕಿವಿಗೆ ತಾರಕದ ದನಿಗಳೇ ಮೊದಲು ತಪ್ಪಿಹೋಗೋದು, ಅದು ಪಾಠದಲ್ಲಿ ಓದಿದ್ದೇ. ಆದ್ರೆ ಕಿವಿಗೆ ಸಿಗದ ಶಿಳ್ಳೆ ಕಣ್ಣಿಗೆ ಸಿಕ್ತು ನೋಡಿ, ಈ ಒಂದು ಕಾರಣಕ್ಕೇ ನನ್ನ ವಯಸ್ಸಿನವರಿಗೆಲ್ಲ ಈ ಆಪ್ ಹಾಕ್ಕೊಳ್ಳಿ ಅಂತ ಹೇಳ್ತೀನಿ. ಹೆಸರು ಬಂತು: ಬ್ರೌನ್ ಹೆಡೆಡ್ ಕೌಬರ್ಡ್.

ಮನೆಗೆ ಬಂದು ಅಳಿಯಂದಿರಿಗೆ ಹೇಳಿದ್ರೆ, ಅತ್ತೆ, ಈ ಹಕ್ಕಿ ಮೇಲೆ ನಮ್ಮ ಯೂನಿವರ್ಸಿಟಿಯಲ್ಲೇ ದೊಡ್ಡ ಕೆಲಸ ಆಗಿದೆ ಅಂತ ಹೇಳಿ ಲೈಬ್ರರಿಯಿಂದ ಒಂದಿಷ್ಟು ಪ್ರಬಂಧ ಪ್ರಿಂಟ್ ತಂದ್ಕೊಟ್ರು. ಮೆರೆಡಿತ್ ವೆಸ್ಟ್ ಮತ್ತು ಆಂಡ್ರೂ ಕಿಂಗ್, ಇಬ್ಬರೂ ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಇದ್ದವರು, ದಶಕಗಟ್ಟಲೆ ಈ ಒಂದು ಹಕ್ಕಿಯ ಪ್ರಣಯ, ಹಾಡು, ಗಂಡು ಹೆಣ್ಣಿನ ಮಾತುಕತೆ ಇದನ್ನೇ ನೋಡ್ತಾ ಬಂದವರು. ಅಷ್ಟು ವರ್ಷ ಒಂದೇ ಹಕ್ಕೀನಾ ಅಂತ ಮೊದಲು ಅನ್ನಿಸ್ತು, ಓದ್ತಾ ಓದ್ತಾ ಯಾಕೆ ಅಂತ ಅರ್ಥ ಆಯ್ತು.

ಕೌಬರ್ಡ್ ನಮ್ಮ ಕೋಗಿಲೆ ಥರ, ಸ್ವಂತ ಗೂಡು ಕಟ್ಟಲ್ಲ, ಬೇರೆ ಹಕ್ಕಿ ಗೂಡಲ್ಲಿ ಮೊಟ್ಟೆ ಇಡುತ್ತೆ, 200ಕ್ಕೂ ಹೆಚ್ಚು ಜಾತಿ ಹಕ್ಕಿಗಳ ಗೂಡಲ್ಲಿ ಇಟ್ಟಿದ್ದು ದಾಖಲಾಗಿದೆ. ಸಾಕಿದವರು ಬೇರೆ ಜಾತಿ ಅಂದ್ಮೇಲೆ ಮರಿಗೆ ತನ್ನ ಜಾತಿ ಹಾಡು ಯಾರು ಕಲಿಸ್ತಾರೆ? ಹುಟ್ಟಿನಿಂದಲೇ ಬಂದಿರ್ಬೇಕು ಅಂತ ಎಲ್ಲರೂ ಅಂದ್ಕೊಂಡಿದ್ರು. 1977ರಲ್ಲಿ ಇವರು ತೋರಿಸಿದ್ದು, ಒಂಟಿಯಾಗಿ ಬೆಳೆಸಿದ ಗಂಡಿನ ಹಾಡಿಗೂ ಹೆಣ್ಣು ಒಲಿಯುತ್ತೆ, ಅಷ್ಟೇ ಅಲ್ಲ, ಗುಂಪಲ್ಲಿ ಬೆಳೆದ ಗಂಡಿನ ಹಾಡಿಗಿಂತ ಜಾಸ್ತಿನೇ ಒಲಿಯುತ್ತೆ. ಆದ್ರೆ ಅದೇ ಒಂಟಿ ಗಂಡನ್ನ ತಗೊಂಡು ಹೋಗಿ ಬೇರೆ ಗಂಡುಗಳಿರೋ ದೊಡ್ಡ ಪಂಜರಕ್ಕೆ ಬಿಟ್ರೆ, ಅಲ್ಲಿನ ಗಂಡುಗಳು ಮೇಲೆ ಬಿದ್ದು ಹೊಡೀತಾವೆ. ಅಂದ್ರೆ ಹಾಡೋಕೆ ಬಂದ್ರೆ ಸಾಲ್ದು, ಯಾರ ಮುಂದೆ ಯಾವಾಗ ಹಾಡ್ಬೇಕು ಅಂತ ಗುಂಪಲ್ಲೇ ಇದ್ದು ಕಲೀಬೇಕು.

ಇದಕ್ಕಿಂತ ದೊಡ್ಡದು 1988ರಲ್ಲಿ ನೇಚರ್ ಪತ್ರಿಕೇಲಿ ಬಂದಿದ್ದು. ಹೆಣ್ಣು ಕೌಬರ್ಡ್ ಹಾಡೋದೇ ಇಲ್ಲ, ಆದ್ರೂ ಬೇರೆ ಬೇರೆ ಊರಿನ ಹೆಣ್ಣುಗಳ ಜೊತೆ ಇಟ್ಟ ಎಳೇ ಗಂಡುಗಳ ಹಾಡು ಆಯಾ ಹೆಣ್ಣುಗಳಿಗೆ ಬೇಕಾದ ಕಡೆಗೇ ತಿರುಗ್ತಾ ಇತ್ತು. ಬಾಯಿ ಬಿಡದ ಹೆಣ್ಣು ಗಂಡಿಗೆ ಹಾಡು ಹೇಗೆ ಕಲಿಸ್ತು? ವೀಡಿಯೋ ತೆಗೆದು ಕೂತು ನೋಡಿದಾಗ ಸಿಕ್ತು. ಗಂಡು ಹಾಡೋವಾಗ ಬಹಳ ಅಪರೂಪಕ್ಕೊಮ್ಮೆ ಹೆಣ್ಣು ರೆಕ್ಕೆನ ಸರಕ್ಕಂತ ಆಚೆ ಚಾಚಿ ಒಳಗೆ ಎಳ್ಕೊಳ್ಳುತ್ತೆ, ಕಣ್ಣು ಮಿಟುಕಿಸೋಷ್ಟರಲ್ಲಿ ಮುಗೀತು. ಗಂಡು ಅದನ್ನ ಗಮನಿಸಿ ಆ ಹಾಡನ್ನೇ ಉಳಿಸ್ಕೊಳ್ಳುತ್ತೆ. ಹಾಗೆ ರೆಕ್ಕೆ ಆಡಿಸಿದ ಹಾಡುಗಳನ್ನೇ ಆರಿಸಿ ಬೇರೆ ಹೆಣ್ಣುಗಳಿಗೆ ಕೇಳಿಸಿದ್ರೆ ಅವೂ ಹೆಚ್ಚು ಒಲಿದ್ವು. ಇದನ್ನ ಓದಿ ಆ ರಾತ್ರಿ ನಿದ್ದೆ ಬರ್ಲಿಲ್ಲ. ಇಷ್ಟು ವರ್ಷ ಕ್ಲಾಸಲ್ಲಿ "ಗಂಡು ಹಾಡುತ್ತೆ, ಹೆಣ್ಣು ಆರಿಸುತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸ್ತಿದ್ದೆನಲ್ಲ, ಹೆಣ್ಣು ಬರೀ ಆರಿಸೋದಲ್ಲ, ಹಾಡನ್ನ ತಿದ್ದುತ್ತೆ.

ಹಾಗಾಗಿ ಆಪ್ ಬಗ್ಗೆ ನನ್ನ ಅಭಿಪ್ರಾಯ ಇಲ್ಲೇ ಬಂತು. ಮೈಕ್‌ಗೆ ಕೇಳಿಸೋದು ಸಂಭಾಷಣೆಯ ಒಂದು ಕಡೆ ಮಾತ್ರ, ರೆಕ್ಕೆಗೆ ಸದ್ದಿಲ್ಲ. ಅದು ಆಪ್‌ನ ತಪ್ಪಲ್ಲ, ಅದರ ಕೆಲಸನೂ ಅಲ್ಲ. ಹೆಸರು ಬಂದ ತಕ್ಷಣ ಫೋನ್ ಜೇಬಿಗೆ ಹಾಕಿ ಇನ್ನೂ ಹತ್ತು ನಿಮಿಷ ಅಲ್ಲೇ ನಿಲ್ಲಿ, ಹಾಡ್ತಿರೋ ಗಂಡನ್ನ ಬಿಟ್ಟು ಪಕ್ಕದ ಕೊಂಬೇಲಿ ಬೂದು ಬಣ್ಣದ್ದು ಏನಾದ್ರೂ ಕೂತಿದೆಯಾ ಅಂತ ಹುಡುಕಿ. ಎಲ್ಲಾ ಹಕ್ಕೀಲೂ ಹೆಣ್ಣು ಸುಮ್ಮನಿರುತ್ತೆ ಅಂತಲ್ಲ, ಇದೇ ಇಂಡಿಯಾನಾದ ರಾಜ್ಯಪಕ್ಷಿ ಕಾರ್ಡಿನಲ್‌ನಲ್ಲಿ ಹೆಣ್ಣೂ ಚೆನ್ನಾಗಿ ಹಾಡುತ್ತೆ. ನಾನು ನಾಲ್ಕು ಸಲ ಗ್ರಿಫಿ ಕೆರೆಗೆ ಹೋಗಿ ಕೌಬರ್ಡ್ ಜೋಡಿ ನೋಡಿದೀನಿ, ರೆಕ್ಕೆ ಆಡಿಸಿದ್ದು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು, ಇದು ಹಕ್ಕಿ ಮಾತು ಇಷ್ಟ ಇರೋರಿಗೆ. ಇದೇ ವೆಸ್ಟ್, ಕಿಂಗ್ ಸ್ಟಾರ್ಲಿಂಗ್‌ಗಳನ್ನೂ ಮನೆಗಳಲ್ಲಿ ಸಾಕಿ ನೋಡಿದ್ರು, ನಮ್ಮ ಗೊರವಂಕದ ಕುಟುಂಬದ್ದು ಅದು. ಜನರ ಜೊತೆ ಒಡನಾಡಿ ಬೆಳೆದವು ಮಾತು ಅನುಕರಿಸಿದ್ವು, ಒಂದು ಹಕ್ಕಿಯಂತೂ ಕಾಲಿಗೆ ಔಷಧಿ ಹಚ್ಚೋಕೆ ಹಿಡ್ಕೊಂಡಾಗ "ನಂಗೊಂದು ಪ್ರಶ್ನೆ ಇದೆ" ಅಂತ ಇಂಗ್ಲಿಷಲ್ಲಿ ಕಿರುಚ್ತಿತ್ತಂತೆ. ಮೊಮ್ಮಗ ಈಗ ತಲೆ ಬಾಚೋಕೆ ಕರೆದ್ರೆ ಹಾಗೇ ಅಂತಾನೆ.

5ಕ್ಕೆ 5 ಕೊಡ್ತೀನಿ. ಭಾರತದ ಪ್ಯಾಕ್ ಕೂಡ ಇದೆ, ಊರಿಗೆ ಹೊರಡೋ ಮುಂಚೆ ಇಲ್ಲೇ ವೈಫೈನಲ್ಲಿ ಇಳಿಸ್ಕೊಂಡಿದೀನಿ, ನೀವೂ ಮನೇಲಿರೋವಾಗಲೇ ಇಳಿಸ್ಕೊಳ್ಳಿ, ಸೈಜ್ ದೊಡ್ಡದು. ಒಂದೇ ಒಂದು ಕೈ ಮುಗಿದು ಕೇಳ್ಕೊಳ್ಳೋದು: ಆಪ್‌ನಲ್ಲಿ ಪ್ರತಿ ಹಕ್ಕಿಯ ರೆಕಾರ್ಡಿಂಗ್ ಇರುತ್ತೆ, ಅದನ್ನ ಮರದ ಕೆಳಗೆ ನಿಂತು ಜೋರಾಗಿ ಹಾಕ್ಬೇಡಿ, ಗೂಡು ಕಟ್ಟೋ ಕಾಲದಲ್ಲಂತೂ ಬೇಡವೇ ಬೇಡ. ಬೇರೆ ಗಂಡು ಬಂತು ಅಂತ ಅಲ್ಲಿನ ಗಂಡು ಮೇವು ಬಿಟ್ಟು, ಹೆಣ್ಣನ್ನ ಬಿಟ್ಟು, ನಿಮ್ಮ ಫೋನ್ ಜೊತೆ ಜಗಳಕ್ಕೆ ಬರುತ್ತೆ. ರೆಕಾರ್ಡಿಂಗ್ ಕೇಳ್ಬೇಕು ಅಂದ್ರೆ ಮನೆಗೆ ಹೋಗಿ ಇಯರ್‌ಫೋನ್ ಹಾಕ್ಕೊಂಡು ಕೇಳಿ.