ಹಳೆ ಜಿಪ್ಸಿಯ ಆಕ್ಸಲ್ ಆಯಿಲ್ ಲೀಕ್: ಸೀಲು, ಬೇರಿಂಗು ಮತ್ತು ಒಂದು ತುಂಡು ಪೈಪು

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್. ನಾಪೋಕ್ಲು ಕಡೆಯ ತೋಟದಲ್ಲಿ ಗೊಬ್ಬರ, ಕಾಫಿ ಚೀಲ, ಪಂಪ್‌ಸೆಟ್ಟು ಹೊರುವುದು ಅದರ ಕೆಲಸ. ಸಂತೆಗೆ, ಮಡಿಕೇರಿಗೆ ಹೋಗುವುದೂ ಅದರಲ್ಲೇ. ಹಿಂದಿನ ಆಕ್ಸಲ್‌ಗೆ (ಹಿಂದಿನ ಚಕ್ರಗಳ ಅಚ್ಚು) ಮಾಡಿಸಿದ ಸೀಲ್ (ಒಳಗಿನ ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆ) ರಿಪೇರಿ ಬಗ್ಗೆ ಬರೆಯಲು ಬೇಕಂತಲೇ ತಡ ಮಾಡಿದೆ. ಹಾಕಿಸಿದ ಮಾರನೇ ದಿನ ನೋಡಿದರೆ ಎಲ್ಲ ಸೀಲೂ ಚೆನ್ನಾಗೇ ಇರುತ್ತೆ ಅಲ್ವಾ? ಈಗ ಮಳೆಗಾಲ ದಾಟಿದೆ, ಕೊಯ್ಲಿನ ಲೋಡೂ ಹೊತ್ತಾಗಿದೆ.

ಮೊದಲು ಕಂಡದ್ದು ಬಲಗಡೆ ಹಿಂದಿನ ಟಯರಿನ ಒಳಮೈಯಲ್ಲಿ. ಕೆಂಪು ಮಣ್ಣು ಎಲ್ಲ ಕಡೆ ಒಣಗಿ ಉದುರುತ್ತಿದ್ದರೆ, ಅಲ್ಲಿ ಮಾತ್ರ ಕಪ್ಪಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಗಂಧಕದ ಹಾಗೆ ಘಾಟು. ಗೇರ್ ಆಯಿಲ್ ಅಂತ ಗೊತ್ತಾಗಲು ಅಷ್ಟು ಸಾಕು. ಇದನ್ನು ಪರೀಕ್ಷೆ ಮಾಡದೆ ಗ್ಯಾರೇಜಿಗೆ ಹೋಗಬೇಡಿ. ಚಕ್ರದ ಒಳಗೆ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್ ಕೂಡ ಆಗಿರಬಹುದು. ಬ್ರೇಕ್ ಆಯಿಲ್ ತೆಳ್ಳಗಿರುತ್ತೆ, ನೀರು ಹಾಕಿದರೆ ಬೆರೆತು ಹೋಗುತ್ತೆ. ಹಾಗಿದ್ದರೆ ಕೆಟ್ಟಿರುವುದು ಬ್ರೇಕಿನ ವೀಲ್ ಸಿಲಿಂಡರ್, ಆಕ್ಸಲ್ ಸೀಲ್ ಅಲ್ಲ. ಗೇರ್ ಆಯಿಲ್ ದಪ್ಪ, ನೀರಿಗೆ ಜಗ್ಗುವುದಿಲ್ಲ.

ಎರಡರಲ್ಲಿ ಯಾವುದಾದರೂ ಸರಿ, "ಸ್ವಲ್ಪ ಸೋರ್ತಿದೆ, ಇರಲಿ ಬಿಡು" ಅನ್ನುವ ಹಾಗಿಲ್ಲ. ಜಿಪ್ಸಿಯ ಹಿಂದಿನದು ಡ್ರಮ್ ಬ್ರೇಕ್. ಸೀಲ್ ದಾಟಿ ಬಂದ ಆಯಿಲ್ ನೇರ ಬ್ರೇಕ್ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) ಮೇಲೆ ಹೋಗುತ್ತೆ. ಸಂಪಾಜೆ ಘಾಟಿ ಇಳಿಯುವಾಗ ಗಾಡಿ ಒಂದು ಕಡೆಗೆ ಎಳೆದರೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮೊದಲ ಗ್ಯಾರೇಜಿನಲ್ಲಿ ಸೀಲ್ ಬದಲಾಯಿಸಿ ಕೊಟ್ಟರು. ಸ್ಥಳೀಯವಾಗಿ ಸಿಕ್ಕ ಅಗ್ಗದ ಸೀಲು. ಕೆಲವು ತಿಂಗಳು ಒಣಗಿತ್ತು, ಮಳೆ ಹಿಡಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಅದೇ ಕಪ್ಪು. ಸೀಲಿನದೇ ತಪ್ಪು ಅಂದುಕೊಳ್ಳುವುದು ಸುಲಭ. ಆದರೆ ಗೋಣಿಕೊಪ್ಪ ಕಡೆಯ ಹಳೆ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚುವ ಮೊದಲೇ ಗಾಡಿ ಕೆಳಗೆ ಮಲಗಿ, "ಸೀಲ್ ಆಮೇಲೆ ಸಾರ್, ಮೊದಲು ಇದು ಉಸಿರಾಡ್ತಿದ್ಯಾ ನೋಡೋಣ" ಅಂದರು.

ಆಕ್ಸಲ್ ಮೇಲೆ ಬ್ರೀದರ್ ಅಂತ ಒಂದು ಸಣ್ಣ ದಾರಿ ಇರುತ್ತೆ. ಗಾಡಿ ಓಡಿದಾಗ ಒಳಗಿನ ಆಯಿಲ್, ಗಾಳಿ ಬಿಸಿಯಾಗಿ ಹಿಗ್ಗುತ್ತವೆ. ಆ ಗಾಳಿ ಇಲ್ಲಿಂದ ಹೊರಗೆ ಹೋಗಬೇಕು. ದಾರಿ ಕಟ್ಟಿದ್ದರೆ ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲ್ ನುಗ್ಗುತ್ತೆ. ಅಂದರೆ ಸೀಲಿನ ತುಟಿಯಿಂದ, ಅದರ ಒಳ ಅಂಚಿನಿಂದ. ನನ್ನ ಗಾಡಿಗೆ ಹಿಂದಿನ ಮಾಲೀಕರು ಒಂದು ರಬ್ಬರ್ ಪೈಪಿನ ತುಂಡು ಸಿಕ್ಕಿಸಿದ್ದರು. ಮೆಕ್ಯಾನಿಕ್ ಅದರೊಳಗೆ ತಂತಿ ತೂರಿಸಿ ಎಳೆದಾಗ ಗಟ್ಟಿ ಮಣ್ಣಿನ ಉಂಡೆಗಳು ಉದುರಿದವು. ಕುಂಬಾರ ಹುಳದ ಗೂಡು! ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳವರು ಇದನ್ನು ನೆನಪಿಟ್ಟುಕೊಳ್ಳಿ.

ಉಲ್ಟಾ ತೊಂದರೆಯೂ ಇದೆ. ಏರು ಹತ್ತಿ ಬಿಸಿಯಾದ ಆಕ್ಸಲ್ ತೋಡು ದಾಟುವಾಗ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಹೊರಗಿಂದ ಎಳೆದುಕೊಳ್ಳುತ್ತೆ. ಬ್ರೀದರ್ ಕಟ್ಟಿದ್ದರೆ, ಇಲ್ಲವೇ ಅದರ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಒಳಗೆ ಹೋಗುವುದು ನೀರು. ಡ್ರೈನ್ ಬೋಲ್ಟ್ ಬಿಚ್ಚಿದಾಗ ನನ್ನದರಲ್ಲಿ ಬಂದ ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕಿತ್ತು. ಅಂದ ಹಾಗೆ, ಡ್ರೈನ್ ಬೋಲ್ಟ್‌ಗೆ ಕೈ ಹಾಕುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಲು ಬರುತ್ತಾ ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಆಕ್ಸಲ್ ಇಟ್ಟುಕೊಂಡು ಒದ್ದಾಡಬೇಕು.

ಆಮೇಲೆ ಚಕ್ರ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದರು. ಸಣ್ಣಗೆ ಕಟಕಟ. ಬೇರಿಂಗ್ ಸವೆದಿತ್ತು. ಚಕ್ರ ತಿರುಗಿಸುವ ಶಾಫ್ಟ್ ಅಲ್ಲಾಡುತ್ತಿದ್ದರೆ ಎಂಥ ಸೀಲ್ ಹಾಕಿದರೂ ಬಾಳುವುದಿಲ್ಲ. ಬೇರಿಂಗನ್ನು ಹಿಡಿದಿಡುವ ಉಕ್ಕಿನ ಬಳೆ ಶಾಫ್ಟ್ ಮೇಲೆ ಬಿಗಿಯಾಗಿ ಕೂತಿರುತ್ತೆ. ಅದಕ್ಕೆ ಡ್ರಿಲ್ ಹಾಕಿ, ಶಾಫ್ಟ್‌ಗೆ ತಾಗದಂತೆ ಉಳಿಯಿಂದ ಸೀಳಿ ತೆಗೆದರು. ಹೊಸ ಬೇರಿಂಗು, ಹೊಸ ಬಳೆ ಕೂರಿಸಿದ್ದು ಪ್ರೆಸ್‌ನಲ್ಲಿ, ಸುತ್ತಿಗೆಯಲ್ಲಿ ಅಲ್ಲ. ಮನೆಯಲ್ಲೇ ಮಾಡ್ತೀನಿ ಅನ್ನುವವರು ಇಲ್ಲಿಗೆ ನಿಲ್ಲಿಸಿ. ಸೀಲ್, ಆಯಿಲ್, ಬ್ರೀದರ್ ನೀವೇ ಮಾಡಬಹುದು. ಬೇರಿಂಗಿಗೆ ಪ್ರೆಸ್ ಇರುವ ಕಡೆಗೇ ಶಾಫ್ಟ್ ಹೊತ್ತುಕೊಂಡು ಹೋಗಬೇಕು.

ಸೀಲ್ ಈ ಸಲ ಕಂಪನಿಯದ್ದೇ ತರಿಸಿದೆ. ಸೀಲಿನ ತುಟಿ ಉಜ್ಜುವ ಜಾಗದ ಮೇಲೆ ಉಗುರು ಎಳೆದು ನೋಡಿದೆವು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಅಲ್ಲಿಗೆ ತೆಳು ಸ್ಲೀವ್ (ಲೋಹದ ಕವಚ) ಹಾಕಬೇಕಾಗುತ್ತೆ. ನನ್ನದರಲ್ಲಿ ಅಂಥ ಗೆರೆ ಇರಲಿಲ್ಲ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ, ತುಟಿಗೆ ಒಂದಿಷ್ಟು ಗ್ರೀಸ್, ವಾರೆಯಾಗದ ಹಾಗೆ ನಿಧಾನಕ್ಕೆ ಒಳಗೆ. ಬ್ರೇಕ್ ಶೂ ಎರಡೂ ಚಕ್ರಕ್ಕೂ ಹೊಸದು. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಜಿಡ್ಡು ಮತ್ತೆ ಹೊರಗೆ ಬರುತ್ತೆ, ಸುಮ್ನೆ ದಂಡ. ಗೇರ್ ಆಯಿಲ್ 80ಡಬ್ಲ್ಯೂ-90, ಜಿಎಲ್-5 ದರ್ಜೆಯದು. ಗಾಡಿ ಸಮತಟ್ಟಾಗಿ ನಿಲ್ಲಿಸಿ ಫಿಲ್ಲರ್ ತೂತಿನಿಂದ ಹೊರಗೆ ಜಿನುಗುವವರೆಗೆ ತುಂಬಿದರೆ ಅಳತೆ ಸರಿ.

ಕೊನೆಗೆ ನನಗೆ ತುಂಬ ಇಷ್ಟವಾದ ಭಾಗ. ಬ್ರೀದರ್‌ಗೆ ಉದ್ದದ ಫ್ಯುಯೆಲ್ ಪೈಪ್ ಸಿಕ್ಕಿಸಿ, ಚಾಸಿಸ್ ಮೇಲಿನಿಂದ ಟೇಲ್ ಲೈಟಿನ ಹಿಂದಕ್ಕೆ ಏರಿಸಿ, ತುದಿಗೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಹಾಕಿದರು. ಆಕ್ಸಲ್ ಕುಣಿದಾಗ ಎಳೆಯದಂತೆ ಪೈಪನ್ನು ಸ್ವಲ್ಪ ಸಡಿಲ ಬಿಡಬೇಕು. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿನದು ಇದೇ, ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಹುಳವೂ ಇಲ್ಲ, ತೋಡಿನ ನೀರೂ ಇಲ್ಲ.

ಈಗ ಹೇಗಿದೆ? ಟಯರಿನ ಒಳಮೈ ಒಣಗಿದೆ. ಮಳೆಗಾಲ ಮುಗಿದ ಮೇಲೆ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ ನೋಡಿದೆ, ಆಯಿಲ್ ಬಣ್ಣ ಕೆಟ್ಟಿಲ್ಲ, ಮಟ್ಟವೂ ಇಳಿದಿಲ್ಲ. ಬ್ರೇಕ್ ನೇರ ಹಿಡಿಯುತ್ತೆ. ಕಂಪನಿ ಸೀಲಿಗೆ ಪೂರ್ತಿ ಅಂಕ ಕೊಡಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಅದೇ ಬ್ರೀದರ್, ಅದೇ ಬೇರಿಂಗ್ ಇದ್ದಿದ್ದರೆ ಇದೂ ಸೋರುತ್ತಿತ್ತು ಅಂತಲೇ ನನ್ನ ಲೆಕ್ಕ. ಅಗ್ಗದ ಸೀಲ್ ಬಿಚ್ಚಿದಾಗ ಅದರ ರಬ್ಬರ್ ಗಟ್ಟಿಯಾಗಿತ್ತು ನಿಜ, ಹಾಗಾಗಿ ಹೆಚ್ಚು ಕೊಟ್ಟು ಒಳ್ಳೆಯದು ತಂದದ್ದಕ್ಕೆ ಬೇಜಾರಿಲ್ಲ. ಸೀಲಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಜಾಸ್ತಿ.

ಇನ್ನು ಮುಂದಿನ ಆಕ್ಸಲ್. ಎಡಗಡೆ ನಕಲ್ (ಸ್ಟೇರಿಂಗಿಗೆ ಚಕ್ರ ಹೊರಳುವ ಕೀಲು) ಹತ್ತಿರ ಗ್ರೀಸ್ ತೆಳ್ಳಗಾಗಿ ಗಂಜಿಯಂತೆ ಇಳಿಯಲು ಶುರುವಾಗಿದೆ. ಒಳಗಿನ ಸೀಲ್ ದಾಟಿ ಗೇರ್ ಆಯಿಲ್ ಗ್ರೀಸಿಗೆ ಸೇರುತ್ತಿರುವ ಲಕ್ಷಣ. ಅದಕ್ಕೆ ನಕಲ್ ಪೂರ್ತಿ ಬಿಚ್ಚಬೇಕು, ಆ ಕೀಲಿನ ಕಿಂಗ್‌ಪಿನ್ ಬೇರಿಂಗೂ ಅದೇ ಹೊತ್ತಿಗೆ ಹಾಕಿಸಬೇಕು. ಗೊಬ್ಬರ ಹಾಕುವ ಕೆಲಸ ಮುಗಿಯದೆ ಗಾಡಿ ಗ್ಯಾರೇಜಿಗೆ ಬಿಡಲು ಆಗುವುದಿಲ್ಲ. ಆ ಕಡೆಯ ಬ್ರೀದರ್‌ಗೆ ಮಾತ್ರ ಈಗಲೇ ಪೈಪ್ ಹಾಕಿಸಿದ್ದೇನೆ.